ಬಿಸಿಲೂರಿನ ಲಾನಿಗೆ ಬೂಷ್ಟು ರೋಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಲಾನು ನೋಡಿಕೊಳ್ಳುವ ಕೆಲಸ ಶುರು ಮಾಡಿದ ಮೇಲೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಥರ. "ಸಾರ್, ಹುಲ್ಲು ಕೆಂಪಗಾಗಿದೆ, ಏನು ಹೊಡೀಲಿ?" ನಾನು ತಿರುಗಿ ಕೇಳುವುದು ಎರಡೇ ಮಾತು. ರಾತ್ರಿ ಎಷ್ಟು ಡಿಗ್ರಿ ಇತ್ತು? ಹುಲ್ಲು ಎಷ್ಟು ಹೊತ್ತು ಒದ್ದೆ ಇತ್ತು? ಔಷಧಿ ಹೆಸರು ಕೇಳಿದರೆ ಇವನು ಹವಾಮಾನ ವಿಚಾರಿಸುತ್ತಾನಲ್ಲ ಎಂದು ಕೆಲವರಿಗೆ ಸಿಟ್ಟು ಬರುತ್ತದೆ. ಮನೆ ಅಂಗಳದವರು, ಕಲ್ಯಾಣ ಮಂಟಪದವರು, ಶಾಲೆ ಮೈದಾನದವರು ಕೇಳಿದ್ದು, ಕೊಪ್ಪಳ, ರಾಯಚೂರು ಕಡೆಯಿಂದ ಬರೆದು ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿ ಹಾಕಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ.

## ಶುರುವಿಗೆ

ನಮ್ಮ ಬಳ್ಳಾರಿ ಬಿಸಿಲಿಗೆ ಮನುಷ್ಯರೇ ಬೆಂದು ಹೋಗ್ತಾರೆ, ಫಂಗಸ್ ಹೆಂಗೆ ಬದುಕುತ್ತೆ?

ಮಧ್ಯಾಹ್ನ ಅದರ ಆಟವೂ ನಡೆಯುವುದಿಲ್ಲ. ಮೇ ತಿಂಗಳಲ್ಲಿ 40–42 ಡಿಗ್ರಿ ಇರುವಾಗ, ಒಣಗಿದ ಎಲೆಯ ಮೇಲೆ ಫಂಗಸ್ಸಿನ ಬೀಜಕಣ ಮೊಳಕೆ ಒಡೆಯುವುದಿಲ್ಲ. ಆದರೆ ಅದಕ್ಕೆ ಮಧ್ಯಾಹ್ನ ಕೆಲಸವೇ ಇಲ್ಲ. ಅದು ರಾತ್ರಿ ಪಾಳಿಯ ಗಿರಾಕಿ. ಸಂಜೆಯಿಂದ ಬೆಳಿಗ್ಗೆ ಎಂಟರ ತನಕ 22–28 ಡಿಗ್ರಿ ಇದ್ದು, ಎಲೆ ಮೇಲೆ ತೆಳ್ಳಗೆ ನೀರಿನ ಪದರ ನಿಂತರೆ ಸಾಕು, ಬೀಜಕಣ ಮೊಳೆತು, ಎಲೆಯ ಸಿಪ್ಪೆ ಕೊರೆದು, ಬಿಸಿಲೇರುವ ಹೊತ್ತಿಗೆ ಒಳಗೆ ಸೇರಿ ಕೂತಿರುತ್ತದೆ. ಒಳಗೆ ಹೋದ ಮೇಲೆ ಹೊರಗಿನ ಝಳ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಎಲೆ ನೀರನ್ನು ಆವಿ ಮಾಡಿ ತನ್ನ ಮೈ ತಂಪು ಇಟ್ಟುಕೊಳ್ಳುತ್ತದಲ್ಲ, ಆ ತಂಪಿನಲ್ಲಿ ಇದಕ್ಕೂ ಪಾಲು.

ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ನಾವೇ ನಗುತ್ತೇವೆ. ಲಾನಿನ ಮಟ್ಟಿಗೆ ಮೂರನೆಯದೂ ಇದೆ: ಜೂನಿನಿಂದ ಅಕ್ಟೋಬರ್ ತನಕದ ಸೆಕೆ ರಾತ್ರಿಗಳು. ಹುಲ್ಲು ಕೆಡುವುದು ಆಗಲೇ.

ಹುಲ್ಲು ಕಂದು ಆಗಿದೆ. ಇದು ಬಿಸಿಲಿಗೆ ಸುಟ್ಟಿದ್ದಾ, ರೋಗಾನಾ?

ಬೆಳಿಗ್ಗೆ ಆರಕ್ಕೆ ಹೋಗಿ, ಮಂಡಿ ಊರಿ ನೋಡಿ. ನಿಂತುಕೊಂಡು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಬಿಸಿಲಿಗೆ ಸುಟ್ಟ ಹುಲ್ಲು ಎಲೆಯ ತುದಿಯಿಂದ ಒಂದೇ ಸಮನೆ ಒಣಗಿರುತ್ತದೆ. ಎತ್ತರದ ಜಾಗದಲ್ಲಿ, ಕಾಂಪೌಂಡ್ ಗೋಡೆಯ ಬುಡದಲ್ಲಿ, ಕಲ್ಲಿನ ಪಕ್ಕದಲ್ಲಿ ಜಾಸ್ತಿ. ಕಾಲಿಟ್ಟರೆ ಹೆಜ್ಜೆ ಗುರುತು ಹಾಗೇ ಉಳಿಯುತ್ತದೆ. ನೀರು ಕೊಟ್ಟರೆ ನಾಲ್ಕು ದಿನಕ್ಕೆ ಚೇತರಿಸಿಕೊಳ್ಳುತ್ತದೆ.

ರೋಗದ್ದಾದರೆ ಒಂದು ಎಲೆಯಲ್ಲೇ ಹಸಿರು, ಮಚ್ಚೆ, ಮತ್ತೆ ಹಸಿರು ಹೀಗೆ ಇರುತ್ತದೆ. ಮಚ್ಚೆಗೆ ಅಂಚು ಇರುತ್ತದೆ. ಕಲೆ ದುಂಡಗೆ ಹಬ್ಬುತ್ತದೆ, ಇಲ್ಲ ನೀರು ಹರಿದ ದಾರಿಯಲ್ಲೇ ಉದ್ದಕ್ಕೆ ಹೋಗುತ್ತದೆ. ಮುಂಜಾನೆ ಜೇಡರ ಬಲೆಯಂಥ ಬಿಳಿ ಎಳೆ ಕಂಡರೆ ಅನುಮಾನವೇ ಬೇಡ. ಒಂದೇ ಎಚ್ಚರಿಕೆ: ನಿಜವಾದ ಜೇಡರ ಬಲೆ ಹುಲ್ಲಿನ ಮೇಲೆ ಹಾಸಿದಂತೆ ಚಪ್ಪಟೆ ಇರುತ್ತದೆ, ಬೂಷ್ಟು ಎಲೆಗಳ ಸಂದಿಯಲ್ಲಿ ಅಂಟಿಕೊಂಡಿರುತ್ತದೆ. ನಾನೇ ಒಮ್ಮೆ ಜೇಡಕ್ಕೆ ಔಷಧಿ ಹೊಡೆದವನು.

ಗರಿಕೆಗೂ ರೋಗ ಬರುತ್ತಾ? ಅದು ಕಲ್ಲಿನ ಮೇಲೂ ಬೆಳೆಯುತ್ತಲ್ಲ!

ಬರುತ್ತದೆ, ಆದರೆ ಕಡಿಮೆ. ನರ್ಸರಿಯಲ್ಲಿ ಬರ್ಮುಡಾ ಎಂದು ಮಾರುವುದು ನಮ್ಮ ಗಣಪತಿಗೆ ಏರಿಸುವ ಗರಿಕೆಯ ಬಳಗವೇ. ಗರಿಕೆ, ಮೆಕ್ಸಿಕನ್ ಲಾನು ಎಂದು ಕರೆಯುವ ಜೋಯ್ಸಿಯಾ, ಇವು ಬಿಸಿಲು ನಾಡಿನ ಹುಲ್ಲುಗಳು. 27–35 ಡಿಗ್ರಿಯಲ್ಲಿ ಜೋರಾಗಿ ಬೆಳೆಯುತ್ತವೆ. ರೋಗ ಒಂದು ಎಲೆ ತಿಂದರೆ ಎರಡು ಹೊಸದು ಹಾಕುತ್ತವೆ. ಯುರೋಪಿನ, ಅಮೆರಿಕದ ಉತ್ತರ ಭಾಗದ ರೈಗ್ರಾಸ್, ಬೆಂಟ್‌ಗ್ರಾಸ್ ಹಾಗಲ್ಲ, ಅವಕ್ಕೆ 15–24 ಡಿಗ್ರಿ ಹಿತ. 30 ದಾಟಿದರೆ ಅವೇ ಸುಸ್ತು, ಮೇಲೆ ಫಂಗಸ್ ಬಂದರೆ ಮುಗಿಯಿತು. ಆನ್‌ಲೈನಲ್ಲಿ "ಫಾರಿನ್ ಲಾನ್ ಸೀಡ್" ಎಂದು ತರಿಸಿ ನವೆಂಬರ್‌ನಲ್ಲಿ ಬಿತ್ತಿದವರು ಮಾರ್ಚ್‌ನಲ್ಲಿ ಫೋನ್ ಮಾಡುವುದು ಇದಕ್ಕೇ.

ಯಾವ ರೋಗ ಎಷ್ಟು ಡಿಗ್ರಿಗೆ ಬರುತ್ತೆ, ಒಂದೇ ಸಲ ಹೇಳಿಬಿಡಿ ಮಾರಾಯ್ರೆ.

ಅಂದಾಜು ಹೇಳುತ್ತೇನೆ. ಗೆರೆ ಎಳೆದ ಹಾಗೆ ಅಲ್ಲ.

ಪಿಥಿಯಂ ಬ್ಲೈಟ್: ಹಗಲು 30 ದಾಟಬೇಕು, ರಾತ್ರಿ 20ಕ್ಕಿಂತ ಕೆಳಗೆ ಇಳಿಯಬಾರದು, ಹುಲ್ಲು ರಾತ್ರಿಯಿಡೀ ಒದ್ದೆ ಇರಬೇಕು. ನಮ್ಮ ಮಳೆಗಾಲ ಇದಕ್ಕೆಂದೇ ಮಾಡಿಸಿದಂತಿದೆ. ಇದು ಹೆಸರಿಗೆ ಬೂಷ್ಟು, ನಿಜವಾದ ಫಂಗಸ್ ಅಲ್ಲ, ನೀರಿನ ಪಾಚಿಗಳಿಗೆ ಹತ್ತಿರದ ಬೇರೆ ಜಾತಿ. ಈ ವ್ಯತ್ಯಾಸ ಔಷಧಿ ಕೊಳ್ಳುವಾಗ ಬೇಕಾಗುತ್ತದೆ.

ಬ್ರೌನ್ ಪ್ಯಾಚ್: ರೈಜೋಕ್ಟೋನಿಯಾ ಎಂಬ ಫಂಗಸ್ ತರುವುದು. ರಾತ್ರಿ 20ರ ಮೇಲಿದ್ದು ಹತ್ತು ಗಂಟೆ ಒದ್ದೆ ಇದ್ದರೆ ತಂಪು ನಾಡಿನ ಹುಲ್ಲುಗಳ ಮೇಲೆ ಎರಗುತ್ತದೆ. ಇದರ ಇನ್ನೊಂದು ಬಗೆ ಉಲ್ಟಾ. ಲಾರ್ಜ್ ಪ್ಯಾಚ್ ಎನ್ನುತ್ತಾರೆ. ಅದು ಜೋಯ್ಸಿಯಾದಂಥ ಬಿಸಿಲು ಹುಲ್ಲನ್ನು ಹಿಡಿಯುವುದು ಮಣ್ಣು ತಂಪಾಗಿ 10–21 ಡಿಗ್ರಿಗೆ ಬಂದಾಗ. ನಮ್ಮಲ್ಲಿ ಅಷ್ಟು ತಂಪು ಹೆಚ್ಚು ದಿನ ನಿಲ್ಲುವುದಿಲ್ಲ.

ಡಾಲರ್ ಸ್ಪಾಟ್: 15–30, ಜೊತೆಗೆ ಇಬ್ಬನಿ. ತುಕ್ಕು ರೋಗ: 20–30, ಹುಲ್ಲು ಗೊಬ್ಬರವಿಲ್ಲದೆ ಹಸಿದಿರಬೇಕು. ಬಿಳಿ ಪಂಚೆ ಉಟ್ಟು ಲಾನಿನಲ್ಲಿ ಓಡಾಡಿದರೆ ಅಂಚಿಗೆ ಕೇಸರಿ ಪುಡಿ ಮೆತ್ತಿಕೊಂಡರೆ ಅದೇ ತುಕ್ಕು. ಹಿಮದ ಬೂಷ್ಟು ಎಂಬುದೂ ಇದೆ, ಸೊನ್ನೆಯ ಆಸುಪಾಸಿನಲ್ಲಿ ಬರುವುದು. ಅದರ ಚಿಂತೆ ನಮಗೆ ಬೇಡ, ಅಲ್ವಾ?

## ನೀರು, ಇಬ್ಬನಿ, ರಾತ್ರಿ

ಬೇಸಿಗೆಯಲ್ಲಿ ಸಂಜೆ ನೀರು ಬಿಟ್ರೆ ಹುಲ್ಲಿಗೆ ತಂಪಲ್ವಾ? ನಮ್ಮ ಮಾಲಿ ಹಂಗೇ ಹೇಳ್ತಾನೆ.

ನಾನೂ ಹಾಗೇ ಹೇಳುತ್ತಿದ್ದೆ. ನಮ್ಮ ಮನೆ ಲಾನಿಗೆ ಮೊದಲ ವರ್ಷ ದಿನಾ ಸಂಜೆ ಏಳಕ್ಕೆ ಪೈಪ್ ಹಿಡಿದು ನಿಲ್ಲುತ್ತಿದ್ದೆ. ಮಣ್ಣಿನ ಘಮ, ತಂಪು ಗಾಳಿ, ಒಂದು ಕಪ್ ಚಹಾ, ಬಹಳ ಸುಖ. ಏಪ್ರಿಲ್, ಮೇ ಏನೂ ಆಗಲಿಲ್ಲ. ಗಾಳಿ ಅಷ್ಟು ಒಣಗಿರುವಾಗ ರಾತ್ರಿ ಹತ್ತರೊಳಗೆ ಎಲೆ ಆರಿಬಿಡುತ್ತದೆ. ಜೂನ್ ಮೂರನೇ ವಾರ ಒಂದು ಮಳೆ ಬಿತ್ತು, ಗಾಳಿಯಲ್ಲಿ ತೇವ ಏರಿತು, ನಾನು ಅಭ್ಯಾಸಬಲದಿಂದ ಸಂಜೆ ನೀರು ಬಿಡುವುದು ನಿಲ್ಲಿಸಲಿಲ್ಲ. ಎಂಟು ದಿನಕ್ಕೆ ತಟ್ಟೆ ಗಾತ್ರದ ಕಲೆಗಳು.

ಲೆಕ್ಕ ಹೀಗಿದೆ. ಹೇಗೂ ಮುಂಜಾನೆ ಇಬ್ಬನಿಗೆ ಹುಲ್ಲು ಒದ್ದೆಯಾಗುತ್ತದೆ. ಸಂಜೆ ಏಳಕ್ಕೆ ನೀರು ಬಿಟ್ಟರೆ ಆ ಒದ್ದೆ ಹದಿಮೂರು ಗಂಟೆಗೆ ಏರುತ್ತದೆ. ಬೆಳಗಿನ ಜಾವ ನಾಲ್ಕರಿಂದ ಆರರೊಳಗೆ ಬಿಟ್ಟರೆ ಇಬ್ಬನಿಯ ಒದ್ದೆಯ ಮೇಲೇ ನೀರು ಬಿದ್ದು, ಎಂಟಕ್ಕೆಲ್ಲ ಆರುತ್ತದೆ. ಕೊಡುವ ನೀರು ಅಷ್ಟೇ, ಫಂಗಸ್ಸಿಗೆ ಸಿಗುವ ಸಮಯ ಅರ್ಧಕ್ಕಿಂತ ಕಡಿಮೆ. ಡಿಗ್ರಿ ನಮ್ಮ ಕೈಯಲ್ಲಿಲ್ಲ, ಒದ್ದೆಯ ಗಂಟೆ ನಮ್ಮ ಕೈಯಲ್ಲಿದೆ. ಇವೆರಡೂ ಒಂದಕ್ಕೊಂದು ಜೋಡಿ: ಡಿಗ್ರಿ ಹಿತವಾಗಿದ್ದಷ್ಟೂ ಕಡಿಮೆ ಗಂಟೆಯ ಒದ್ದೆ ಸಾಕಾಗುತ್ತದೆ, ಡಿಗ್ರಿ ಕೆಟ್ಟದಿದ್ದರೆ ಹೆಚ್ಚು ಗಂಟೆ ಬೇಕು.

ಮಧ್ಯಾಹ್ನ ಹುಲ್ಲು ಬಾಡುತ್ತಿದ್ದರೆ ಎರಡು ನಿಮಿಷ ತುಂತುರು ಹಾಕಿ, ತಪ್ಪಿಲ್ಲ. ಅದು ಹತ್ತು ನಿಮಿಷಕ್ಕೆ ಆರಿಹೋಗುತ್ತದೆ, ಹುಲ್ಲೂ ತಣ್ಣಗಾಗುತ್ತದೆ.

ಬೆಳಿಗ್ಗೆ ಹುಲ್ಲಿನ ತುದೀಲಿ ಮುತ್ತಿನ ಥರ ಹನಿ ಇರುತ್ತಲ್ಲ, ಅದು ಇಬ್ಬನಿ ತಾನೆ?

ಎಲ್ಲವೂ ಅಲ್ಲ. ಎಲೆ ಮೈಮೇಲೆ ಸಣ್ಣಗೆ ಹರಡಿರುವುದು ಇಬ್ಬನಿ. ತುದಿಯಲ್ಲೇ ದಪ್ಪಗೆ ನಿಂತ ಹನಿ ಹುಲ್ಲೇ ಹೊರಗೆ ಹಾಕಿದ್ದು. ರಾತ್ರಿ ಬೇರು ನೀರು ಏರಿಸುತ್ತಲೇ ಇರುತ್ತದೆ, ಎಲೆಯಿಂದ ಆವಿ ಹೋಗುವುದು ನಿಂತಿರುತ್ತದೆ, ಆಗ ಒತ್ತಡಕ್ಕೆ ತುದಿಯ ಸಣ್ಣ ರಂಧ್ರದಿಂದ ನೀರು ಒಸರುತ್ತದೆ. ಅದರಲ್ಲಿ ಹುಲ್ಲಿನ ಸಕ್ಕರೆ ಅಂಶ, ಸಾರಜನಕದ ಅಂಶ ಇರುತ್ತದೆ. ಫಂಗಸ್ಸಿಗೆ ಬರೀ ನೀರಿಗಿಂತ ಈ ಪಾನಕ ಇಷ್ಟ.

ಅದಕ್ಕೇ ಗಾಲ್ಫ್ ಮೈದಾನದವರು ಬೆಳಿಗ್ಗೆ ಉದ್ದನೆಯ ಕೋಲು ಬೀಸಿ ಹನಿ ಉದುರಿಸುತ್ತಾರೆ. ಮನೆಯಲ್ಲಿ ಕೋಲು ಬೇಡ. ಇಬ್ಬರು ಒಂದು ಹಗ್ಗದ ಎರಡು ತುದಿ ಹಿಡಿದು ಲಾನಿನ ಮೇಲೆ ಎಳೆದುಕೊಂಡು ಹೋದರೆ ಸಾಕು. ಹಗ್ಗ ಹೋದ ಕಡೆ ಬೂದು ಬಣ್ಣದ ಹುಲ್ಲು ತಟ್ಟನೆ ಕಡು ಹಸಿರಾಗುವುದು ನೋಡಲೂ ಚೆಂದ. ಒಂದು ಮನೆಯಲ್ಲಿ ಇದನ್ನು ಹೇಳಿಕೊಟ್ಟೆ, ಈಗ ಆ ಕೆಲಸ ಮಕ್ಕಳ ಜಗಳದ ವಿಷಯವಾಗಿದೆ.

ರಿಸೆಪ್ಷನ್‌ಗೆ ಲಾನ್ ಮೇಲೆ ಮ್ಯಾಟ್ ಹಾಸಿದ್ವಿ. ಬೆಳಿಗ್ಗೆ ಎತ್ತಿದ್ರೆ ಕೆಳಗೆ ಹತ್ತಿ! ಏನಿದು?

ಪಿಥಿಯಂ. ನಾನು ನೋಡಿದ ಅತಿ ಜೋರಾದ ಪ್ರಕರಣ ಇಂಥದ್ದೇ, ಆಗಸ್ಟ್‌ನಲ್ಲಿ, ಊರ ಹೊರಗಿನ ಒಂದು ಮಂಟಪದ ಲಾನಿನಲ್ಲಿ. ಹಿಂದಿನ ಮಧ್ಯಾಹ್ನ ಮಳೆ. ಒದ್ದೆ ಹುಲ್ಲಿನ ಮೇಲೇ ಹಸಿರು ಮ್ಯಾಟು, ಅದರ ಮೇಲೆ ಕುರ್ಚಿ, ಸುತ್ತ ಲೈಟು, ರಾತ್ರಿ ಹನ್ನೆರಡರ ತನಕ ಜನ. ಮ್ಯಾಟು ಎತ್ತಲು ಮರುದಿನ ಏಳು ಗಂಟೆ. ಎತ್ತಿದಾಗ ಸೆಕೆಯ ಗಾಳಿ ಮುಖಕ್ಕೆ ಹೊಡೆಯಿತು, ಕೊಳೆತ ಮೀನಿನಂಥ ವಾಸನೆ. ಹುಲ್ಲು ಎಣ್ಣೆ ಸವರಿದಂತೆ ಕಪ್ಪಗೆ ಒಂದಕ್ಕೊಂದು ಅಂಟಿಕೊಂಡಿತ್ತು. ಮೇಲೆ ಬಿಳಿ ಅರಳೆ. ಒಂಬತ್ತಕ್ಕೆ ಬಿಸಿಲು ಬಿದ್ದ ಕೂಡಲೇ ಅರಳೆ ಮಾಯ, ಉಳಿದದ್ದು ಒಣಗಿದ ಕಂದು ಪಟ್ಟಿ. ಮಾಲೀಕರು ಹತ್ತಕ್ಕೆ ಬಂದು "ಯಾರೋ ಬಿಸಿನೀರು ಚೆಲ್ಲಿದ್ದಾರೆ" ಎಂದು ಅಡುಗೆಯವರನ್ನು ಬೈಯುತ್ತಿದ್ದರು.

ಇದು ಹೊತ್ತು ತಪ್ಪಿದರೆ ಒಂದೇ ರಾತ್ರಿಗೆ ಕೈ ಮೀರುತ್ತದೆ. ಮಳೆಗಾಲದಲ್ಲಿ ಮ್ಯಾಟು ಹಾಸಲೇಬೇಕಾದರೆ ಹುಲ್ಲು ಒಣಗಿರಲಿ, ಕಾರ್ಯಕ್ರಮ ಮುಗಿದ ರಾತ್ರಿಯೇ ಎತ್ತಿಸಿ, ಆ ವಾರ ಯೂರಿಯಾ ಹಾಕಬೇಡಿ. ಒದ್ದೆ ಇರುವಾಗ ಯಂತ್ರ ಓಡಿಸಿ ಹುಲ್ಲು ಕತ್ತರಿಸಿದರೆ ಚಕ್ರದ ಉದ್ದಕ್ಕೂ ನೀವೇ ರೋಗ ಬಿತ್ತಿದಂತೆ.

ಡಿಸೆಂಬರ್ ತಂಪಲ್ಲಿ ನಾಣ್ಯದ ಗಾತ್ರದ ಬಿಳಿ ಚುಕ್ಕೆ ಬಂದಿದೆ. ಚಳಿಗೆ ರೋಗ ಬರಲ್ಲ ಅಂದಿದ್ರಲ್ಲ?

ಹಾಗೆ ಅಂದಿರಲಿಲ್ಲ! ಡಾಲರ್ ಸ್ಪಾಟಿಗೆ ನಮ್ಮ ಚಳಿಗಾಲವೇ ಹಿತ. ಹಗಲು 28–30, ರಾತ್ರಿ 16ರ ಆಸುಪಾಸು, ಆಕಾಶ ಶುಭ್ರ, ಬೆಳಿಗ್ಗೆ ಗಟ್ಟಿ ಇಬ್ಬನಿ. ಒಂದು ಎಲೆ ಕಿತ್ತು ನೋಡಿ, ಮಚ್ಚೆ ಶಿವನ ಡಮರುಗದ ಆಕಾರದಲ್ಲಿರುತ್ತದೆ. ನಡುವೆ ಸಣ್ಣ, ಎರಡು ಕಡೆ ಅಗಲ, ಬಣ್ಣ ಒಣಹುಲ್ಲಿನದು. ಇದು ಹಸಿದ ಹುಲ್ಲಿನ ರೋಗ. ಸ್ವಲ್ಪ ಸಾರಜನಕ ಕೊಟ್ಟರೆ ಎಷ್ಟೋ ಸಲ ಔಷಧಿಯೇ ಬೇಡ. ಪಿಥಿಯಂ ಬಂದ ಹುಲ್ಲಿಗೆ ಯೂರಿಯಾ ವಿಷ, ಡಾಲರ್ ಸ್ಪಾಟ್ ಬಂದದ್ದಕ್ಕೆ ಮದ್ದು. ಮಾಲಿಗೆ ಇದನ್ನು ಬಿಡಿಸಿ ಹೇಳಿ.

## ಭತ್ತದ ನಾಡಿನವರು ಕೇಳುವುದು

ನಮ್ಮದು ಗಂಗಾವತಿ ಹತ್ರ. ಸುತ್ತ ಭತ್ತದ ಗದ್ದೆ. ಬೆಂಕಿ ರೋಗ ಲಾನಿಗೆ ಹಾರಿ ಬರುತ್ತಾ?

ಬೆಂಕಿ ರೋಗ ತರುವ ಪೈರಿಕ್ಯುಲೇರಿಯಾಕ್ಕೆ ಹುಲ್ಲಿನ ಮೇಲೆ ಬರುವ ಸೋದರರು ಇದ್ದಾರೆ. ಅಮೆರಿಕದಲ್ಲಿ ರೈಗ್ರಾಸ್ ಮೈದಾನಗಳನ್ನು 28–32 ಡಿಗ್ರಿಯಲ್ಲಿ ಮಲಗಿಸುವ ಗ್ರೇ ಲೀಫ್ ಸ್ಪಾಟ್ ಅದೇ ಕುಲ. ಆದರೆ ಭತ್ತದ ಬಗೆ ಭತ್ತಕ್ಕೆ ಅಂಟಿಕೊಂಡಿದ್ದು, ಸುಮ್ನೆ ಗದ್ದೆಯಿಂದ ಎದ್ದು ನಿಮ್ಮ ಗರಿಕೆಯನ್ನು ತಿನ್ನುವುದಿಲ್ಲ.

ನಾನು ಹೆದರುವುದು ಇನ್ನೊಂದಕ್ಕೆ. ಭತ್ತದ ಕವಚಕ್ಕೆ ಹಾವಿನ ಚರ್ಮದಂಥ ಮಚ್ಚೆ ತರುತ್ತದಲ್ಲ, ಆ ರೈಜೋಕ್ಟೋನಿಯಾಕ್ಕೆ ಹುಲ್ಲು, ಭತ್ತ ಎಂಬ ಭೇದವಿಲ್ಲ. 28–32 ಡಿಗ್ರಿ, ಒತ್ತಾದ ಬೆಳೆ, ತೇವ, ಇಷ್ಟೇ ಸಾಕು. ಅದರ ಸಾಸಿವೆಯಂಥ ಕಂದು ಗಂಟುಗಳು ಮಣ್ಣಲ್ಲಿ ಉಳಿಯುತ್ತವೆ, ನೀರಲ್ಲಿ ತೇಲುತ್ತವೆ. ಗದ್ದೆಯಿಂದ ಬಸಿದ ನೀರನ್ನು ಲಾನಿಗೆ ತಿರುಗಿಸಬೇಡಿ. ಕಾಲುವೆ ನೀರೇ ಗತಿಯಾದರೆ ತೊಟ್ಟಿಯಲ್ಲಿ ನಿಲ್ಲಿಸಿ, ತೇಲಿದ್ದನ್ನು ಬಟ್ಟೆಯಲ್ಲಿ ಸೋಸಿ ಬಿಡಿ.

ಎರೆ ಮಣ್ಣಲ್ಲಿ ಜಾಸ್ತಿ ರೋಗ, ಮಸಾರಿಯಲ್ಲಿ ಕಡಿಮೆ. ಹೌದಾ?

ಪಿಥಿಯಂ ಮಟ್ಟಿಗೆ ಹೌದು. ಎರೆ ಮಣ್ಣು ನೀರು ಬಿಡುವುದಿಲ್ಲ. ಲಾನು ಹಾಸುವ ಮುಂಚೆ ಮರಳು ಬೆರೆಸಿ, ಇಳಿಜಾರು ಕೊಡಿ.

## ಸ್ವಲ್ಪ ಆಳಕ್ಕೆ

ಮೊಬೈಲಲ್ಲಿ 24 ಡಿಗ್ರಿ ಅಂತ ತೋರಿಸುತ್ತೆ. ಅದನ್ನೇ ನಂಬಬಹುದಾ?

ಅದು ಗಾಳಿಯ ಡಿಗ್ರಿ, ಎಲೆಯದ್ದಲ್ಲ. ಮೋಡವಿಲ್ಲದ ರಾತ್ರಿ ಎಲೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಗಾಳಿಗಿಂತ ಒಂದೆರಡು ಡಿಗ್ರಿ, ಕೆಲವೊಮ್ಮೆ ಇನ್ನೂ ಹೆಚ್ಚು ತಣ್ಣಗಾಗುತ್ತದೆ. ಇಬ್ಬನಿ ಬೀಳುವುದೇ ಅದಕ್ಕೆ. ಮರದ ಕೆಳಗೆ ಆಕಾಶ ಕಾಣುವುದಿಲ್ಲ, ಇಬ್ಬನಿ ಕಡಿಮೆ, ಆದರೆ ಬಿದ್ದ ತೇವ ಬೇಗ ಆರುವುದಿಲ್ಲ. ಹಗಲು ಇದರ ತಿರುಗುಮುರುಗು: ನೀರಿಲ್ಲದ ಹುಲ್ಲು ಗಾಳಿಗಿಂತ ಹತ್ತು ಡಿಗ್ರಿ ಜಾಸ್ತಿ ಕಾಯಬಹುದು. ಅಂಗಡಿಯಲ್ಲಿ ಸಿಗುವ ಸಾದಾ ಮಣ್ಣಿನ ಥರ್ಮಾಮೀಟರ್ ತಂದು ಎರಡು ಇಂಚು ಆಳಕ್ಕೆ ಚುಚ್ಚಿ, ಬೆಳಿಗ್ಗೆ ಸಂಜೆ ಬರೆದಿಡಿ. ಒಂದು ವರ್ಷದ ಆ ನೋಟ್‌ಬುಕ್ ಯಾವ ಆ್ಯಪಿಗಿಂತಲೂ ಮೇಲು.

ಒಂದೇ ಬೀದಿ, ಒಂದೇ ಬಿಸಿಲು. ಅವರ ಹುಲ್ಲು ಹಾಳು, ನಮ್ಮದು ಚೆನ್ನಾಗಿದೆ. ಹೆಂಗೆ?

ಹುಲ್ಲಿನ ಜಾತಿ ಬೇರೆ ಇರಬಹುದು. 1923ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಡಿಕ್ಸನ್ ಎಂಬ ವಿಜ್ಞಾನಿ ಒಂದು ಚೆಂದದ ಪ್ರಯೋಗ ಪ್ರಕಟಿಸಿದರು. ಒಂದೇ ಫಂಗಸ್, ಎರಡು ಬೆಳೆ: ಗೋಧಿ ಮತ್ತು ಮೆಕ್ಕೆಜೋಳ. ಗೋಧಿ ಸಸಿ ಸತ್ತಿದ್ದು ಬೆಚ್ಚನೆ ಮಣ್ಣಿನಲ್ಲಿ, ಮೆಕ್ಕೆಜೋಳ ಸತ್ತಿದ್ದು ತಣ್ಣನೆ ಮಣ್ಣಿನಲ್ಲಿ. ಫಂಗಸ್ಸಿಗೆ ಯಾವ ಡಿಗ್ರಿ ಇಷ್ಟ ಎಂಬುದಕ್ಕಿಂತ, ಯಾವ ಡಿಗ್ರಿಯಲ್ಲಿ ಬೆಳೆ ಸೋಲುತ್ತದೆ ಎಂಬುದು ಅಲ್ಲಿ ದೊಡ್ಡ ಮಾತಾಯಿತು. ಲಾನಿಗೂ ಹಾಗೇ. 33 ಡಿಗ್ರಿಯಲ್ಲಿ ಅವರ ರೈಗ್ರಾಸ್ ಏದುಸಿರು ಬಿಡುತ್ತಿರುತ್ತದೆ, ನಿಮ್ಮ ಗರಿಕೆ ಹಬ್ಬ ಮಾಡುತ್ತಿರುತ್ತದೆ. ಜಾತಿ ಒಂದೇ ಆಗಿದ್ದರೆ ನೀರು ಬಿಡುವ ಹೊತ್ತು ಕೇಳಿ ನೋಡಿ.

ಮಚ್ಚೆ ಕಂಡ ದಿನವೇ ಸೋಂಕು ಆಗಿದ್ದು ಅಂತ ಅಲ್ವಾ?

ಅಲ್ಲ, ಎಷ್ಟೋ ಸಲ ತಡವಾಗಿ ಕಾಣುತ್ತದೆ. ತಂಪು ನಾಡಿನ ಸಮ್ಮರ್ ಪ್ಯಾಚ್ ಇದಕ್ಕೆ ಒಳ್ಳೆ ಉದಾಹರಣೆ. ಮಣ್ಣು ಸುಮಾರು 18 ಡಿಗ್ರಿ ಮುಟ್ಟಿದಾಗಲೇ, ವಸಂತದಲ್ಲಿ, ಅದು ಬೇರಿಗೆ ಇಳಿಯುತ್ತದೆ. ಹುಲ್ಲು ಸಾಯುವುದು ಕಡು ಬೇಸಿಗೆಯಲ್ಲಿ, ಬೇರಿಲ್ಲದೆ ನೀರು ಎಳೆಯಲಾಗದೆ. ಸತ್ತ ದಿನದ ಡಿಗ್ರಿ ನೋಡಿ ಔಷಧಿ ಹೊಡೆದರೆ ದುಡ್ಡು ದಂಡ.

ಇಂಟರ್‌ನೆಟ್ಟಲ್ಲಿ '150ರ ಲೆಕ್ಕ' ಅಂತ ಇದೆ. ನಮಗೆ ಆಗುತ್ತಾ?

ರಾತ್ರಿಯ ಕನಿಷ್ಠ ಉಷ್ಣಾಂಶವನ್ನು ಫ್ಯಾರನ್‌ಹೀಟಲ್ಲಿ ತಗೊಂಡು ಗಾಳಿಯ ತೇವದ ಶೇಕಡಾವಾರಿಗೆ ಕೂಡಿಸುವುದು, 150 ದಾಟಿದರೆ ಎಚ್ಚರ. ನಮ್ಮ ಆಗಸ್ಟ್ ಹಾಕಿ ನೋಡಿ: 23 ಡಿಗ್ರಿ ಎಂದರೆ 73, ತೇವ 85, ಒಟ್ಟು 158. ಮಳೆಗಾಲದ ಬಹುಪಾಲು ರಾತ್ರಿ ಗಂಟೆ ಬಾರಿಸುತ್ತಲೇ ಇರುತ್ತದೆ. ದಿನಾ ಬಾರಿಸುವ ಗಂಟೆಯಿಂದ ಏನು ಉಪಯೋಗ? ಡಾಲರ್ ಸ್ಪಾಟಿಗೆ ಮಾಡಿದ ಸ್ಮಿತ್-ಕರ್ನ್ಸ್ ಲೆಕ್ಕ ಸ್ವಲ್ಪ ಮೇಲು. ಐದು ದಿನದ ಸರಾಸರಿ ಉಷ್ಣಾಂಶ, ತೇವ ಹಾಕಿದರೆ ರೋಗದ ಸಾಧ್ಯತೆ ಶೇಕಡಾ ಎಷ್ಟು ಎಂದು ಹೇಳುತ್ತದೆ. 10ರಿಂದ 35 ಡಿಗ್ರಿಯ ಒಳಗೆ ಮಾತ್ರ. ನವೆಂಬರಿನಿಂದ ಫೆಬ್ರವರಿ ತನಕ ನಮ್ಮಲ್ಲೂ ಹಾಕಿ ನೋಡಬಹುದು.

ಕಾರ್ಬೆಂಡಾಜಿಮ್ ಎರಡು ಸಲ ಹೊಡೆದ್ವಿ, ಏನೂ ಆಗಲಿಲ್ಲ. ಔಷಧಿ ನಕಲಿನಾ?

ನನಗೂ ಒಂದು ಅಂಗಡಿಯಲ್ಲಿ ಇದನ್ನೇ ಕೊಟ್ಟಿದ್ದರು, ಮಂಟಪದ ಆ ಹತ್ತಿಗೆ. ಔಷಧಿ ಅಸಲಿಯೇ, ರೋಗ ಬೇರೆ. ಪಿಥಿಯಂ ನಿಜವಾದ ಫಂಗಸ್ ಅಲ್ಲ ಎಂದೆನಲ್ಲ, ಕಾರ್ಬೆಂಡಾಜಿಮ್ ಅದಕ್ಕೆ ಕೆಲಸ ಮಾಡುವುದಿಲ್ಲ. ಮೆಟಲಾಕ್ಸಿಲ್ ಜಾತಿಯದು ಬೇಕು. ಮೊದಲು ರೋಗ ಗುರುತಿಸಿ. ಗೊತ್ತಾಗದಿದ್ದರೆ ಅಂಚಿನ ಹುಲ್ಲನ್ನು, ಅರ್ಧ ಹಸಿರು ಅರ್ಧ ಕಂದು ಇರುವುದನ್ನು, ಬೇರು ಸಮೇತ ಕಾಗದದಲ್ಲಿ ಸುತ್ತಿ ಹಗರಿ ಅಥವಾ ಗಂಗಾವತಿ ಕೃಷಿ ವಿಜ್ಞಾನ ಕೇಂದ್ರಕ್ಕೋ, ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೋ ಒಯ್ಯಿರಿ. ಪ್ಲಾಸ್ಟಿಕ್ಕಲ್ಲಿ ಕಟ್ಟಿ ಕಾರಿನಲ್ಲಿಟ್ಟರೆ ಅಲ್ಲಿ ತಲುಪುವಷ್ಟರಲ್ಲಿ ಬೇಯಿಸಿದ ಸೊಪ್ಪಾಗಿರುತ್ತದೆ.

ಹೊಡೆಯುವ ಹೊತ್ತೂ ಮುಖ್ಯ. ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುಂಚೆ. ಗಂಧಕದ ಪುಡಿಯನ್ನು 32 ಡಿಗ್ರಿ ದಾಟಿದಾಗ ಹೊಡೆದರೆ ಎಲೆ ಸುಡುತ್ತದೆ, ಅಂದರೆ ನಮ್ಮಲ್ಲಿ ವರ್ಷದ ಮುಕ್ಕಾಲು ಭಾಗ ಅದನ್ನು ಮುಟ್ಟದಿರುವುದೇ ಕ್ಷೇಮ. ಪ್ರೊಪಿಕೊನಜೋಲ್ ಪದೇ ಪದೇ ಹೊಡೆದರೆ ಗರಿಕೆಯ ಬೆಳವಣಿಗೆ ಕುಗ್ಗುತ್ತದೆ. ಪ್ರಮಾಣಕ್ಕೆ ಲೇಬಲ್ ನೋಡಿ, ಅಂಗಡಿಯವರ ಬಾಯಿಮಾತು ಬೇಡ.

ಈ ಬಿಸಿಲಿಂದ ಲಾನಿಗೆ ಒಂದಾದರೂ ಉಪಯೋಗ ಇದೆಯಾ?

ಇದೆ, ಭಾರಿ ಉಪಯೋಗ! ಹಳೆ ಲಾನು ಪೂರ್ತಿ ಕೆಟ್ಟು ಹೊಸದು ಹಾಸುವವರು ಏಪ್ರಿಲ್‌ನಲ್ಲೇ ಶುರು ಮಾಡಿ. ಹುಲ್ಲು ಕಿತ್ತು, ಮಣ್ಣು ಅಗೆದು, ಸಮ ಮಾಡಿ, ಚೆನ್ನಾಗಿ ನೀರು ಕುಡಿಸಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಎಳೆದು, ಅಂಚನ್ನೆಲ್ಲ ಮಣ್ಣಲ್ಲಿ ಹೂತುಬಿಡಿ. ಕಪ್ಪು ಹಾಳೆ ಬೇಡ, ಅದು ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ನಾಲ್ಕರಿಂದ ಆರು ವಾರ ಬಿಟ್ಟರೆ ಮೇಲಿನ ನಾಲ್ಕು ಇಂಚು ಮಣ್ಣು 45–50 ಡಿಗ್ರಿ ಏರಿ, ಪಿಥಿಯಂ, ರೈಜೋಕ್ಟೋನಿಯಾ ಬಹುಪಾಲು ಸಾಯುತ್ತವೆ. ಒದ್ದೆ ಮಣ್ಣೇ ಬೇಕು, ಒಣಮಣ್ಣಲ್ಲಿ ಅವು ಮುದುಡಿ ಮಲಗಿ ತಪ್ಪಿಸಿಕೊಳ್ಳುತ್ತವೆ. ಇಸ್ರೇಲಿನವರು ಈ ವಿಧಾನವನ್ನು 1976ರಲ್ಲಿ ಪ್ರಕಟಿಸಿದರು. ಅವರ ಬಿಸಿಲಿಗಿಂತ ನಮ್ಮದೇನು ಕಡಿಮೆಯಿಲ್ಲ. ಜೂನ್ ಮೊದಲ ಮಳೆಗೆ ಹಾಳೆ ತೆಗೆದು ಗರಿಕೆ ನೆಡಿ, ಆಳಕ್ಕೆ ಮತ್ತೆ ಅಗೆಯಬೇಡಿ, ಕೆಳಗಿನ ಕಾಯದ ಮಣ್ಣು ಮೇಲೆ ಬರುತ್ತದೆ. ಜೇಕಿನ ಗೆಡ್ಡೆ ಮಾತ್ರ ಇದಕ್ಕೂ ಜಗ್ಗುವುದಿಲ್ಲ. ಅದನ್ನು ಕೂತು ಕೀಳಬೇಕು.